ಕಡಲ ಕೆಸರಿನ ಲೆಕ್ಕ

ಮಳೆಗಾಲದಲ್ಲಿ ನೇತ್ರಾವತಿಯು ಘಟ್ಟದ ಮಣ್ಣನ್ನೂ ಕೊಳೆತ ಎಲೆಗಳನ್ನೂ ಹೊತ್ತು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅದೇ ಸಮುದ್ರದ ಮೇಲ್ನೀರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸಸ್ಯಗಳು ಹುಟ್ಟಿ, ಸತ್ತು, ತಳಕ್ಕೆ ಇಳಿಯುತ್ತವೆ. ಹಾಗಾದರೆ ತಳದ ಕೆಸರಿನಲ್ಲಿರುವ ಸಾವಯವ ವಸ್ತು ಕಾಡಿನದೋ ಕಡಲಿನದೋ? ಈ ಪ್ರಶ್ನೆಗೆ ಸಾಕ್ಷಿಗಳು ಎರಡು: ಇಂಗಾಲ ಮತ್ತು ಸಾರಜನಕ.

ಕಡಲಿನ ಸೂಕ್ಷ್ಮ ಸಸ್ಯಗಳಲ್ಲಿ ಪ್ರೋಟೀನು ಹೆಚ್ಚು. ಆದುದರಿಂದ ಸಾರಜನಕವೂ ಹೆಚ್ಚು. ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡರ ಹೆಸರಿನಿಂದ ಪ್ರಸಿದ್ಧವಾದ ಪ್ರಮಾಣದಂತೆ, ಅವುಗಳಲ್ಲಿ ಸಾರಜನಕದ 16 ಪರಮಾಣುಗಳಿಗೆ ಇಂಗಾಲದ 106 ಪರಮಾಣುಗಳಿರುತ್ತವೆ. ಎಂದರೆ ಒಂದಕ್ಕೆ ಸುಮಾರು 6.6. ನೆಲದ ಗಿಡಮರಗಳಲ್ಲಿ ನಾರಿನ ಅಂಶವೇ ಅಧಿಕವಾದ್ದರಿಂದ ಈ ಪ್ರಮಾಣವು ಸಾಮಾನ್ಯವಾಗಿ 20ನ್ನು ಮೀರುತ್ತದೆ.

ಅಳೆಯುವ ಬಗೆ ಹೀಗಿದೆ. ಒಣಗಿಸಿ ಪುಡಿಮಾಡಿದ ಕೆಲವು ಮಿಲಿಗ್ರಾಂ ಕೆಸರನ್ನು ತವರದ ತೆಳುಹಾಳೆಯ ಪುಟ್ಟ ಬಟ್ಟಲಿನಲ್ಲಿ ಮಡಿಸಿ, ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕುಲುಮೆಯಲ್ಲಿ ಆಮ್ಲಜನಕದೊಡನೆ ಉರಿಸುತ್ತಾರೆ. ಇಂಗಾಲವು ಇಂಗಾಲದ ಡೈಆಕ್ಸೈಡಾಗುತ್ತದೆ. ಸಾರಜನಕದ ಆಕ್ಸೈಡುಗಳಿಂದ ಕಾದ ತಾಮ್ರವು ಆಮ್ಲಜನಕವನ್ನು ಕಸಿದುಕೊಂಡು ಬರಿಯ ಸಾರಜನಕವನ್ನು ಉಳಿಸುತ್ತದೆ. ಹೀಲಿಯಂ ಪ್ರವಾಹದಲ್ಲಿ ಈ ಅನಿಲಗಳು ಬೇರ್ಪಟ್ಟು, ಒಂದಾದ ಮೇಲೊಂದರಂತೆ ಬಿಸಿ ತಂತಿಯೊಂದನ್ನು ಹಾದುಹೋಗುತ್ತವೆ. ಹೀಲಿಯಂ ಉಷ್ಣವನ್ನು ಚೆನ್ನಾಗಿ ಒಯ್ಯುವ ಅನಿಲ. ಅದರೊಡನೆ ಬೇರೆ ಅನಿಲ ಬೆರೆತೊಡನೆ ತಂತಿಯ ಶಾಖ ಹೊರಹೋಗುವುದು ಕಡಿಮೆಯಾಗಿ, ಅದರ ರೋಧ ಏರುತ್ತದೆ. ಆ ಏರಿಕೆಯನ್ನು ಅಳೆಯುವುದು ನಾವು ಕಾಲೇಜಿನಲ್ಲಿ ಕಲಿಯುವ ವೀಟ್‌ಸ್ಟನ್ ಸೇತುವೆಯೇ!

ಆದರೆ ಒಂದು ತೊಡಕುಂಟು. ಚಿಪ್ಪುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿಯೂ ತೂಕದ ನೂರಕ್ಕೆ 12ರಷ್ಟು ಇಂಗಾಲವಿದೆ. ಒಂದು ಕೆಸರಿನಲ್ಲಿ ಸಾವಯವ ಇಂಗಾಲ ನೂರಕ್ಕೆ 2, ಸಾರಜನಕ 0.25 ಎಂದಿಟ್ಟುಕೊಳ್ಳೋಣ. ತೂಕದ ಪ್ರಮಾಣ 8. ಪರಮಾಣುಗಳ ಲೆಕ್ಕಕ್ಕಾಗಿ 14/12ರಿಂದ ಗುಣಿಸಿದರೆ ಸುಮಾರು 9.3. ವಸ್ತು ಬಹುಮಟ್ಟಿಗೆ ಕಡಲಿನದೇ. ಆದರೆ ಕೆಸರಿನ ಅರ್ಧ ತೂಕ ಚಿಪ್ಪಿನದಾಗಿದ್ದು, ಅದನ್ನು ತೆಗೆಯಲು ಮರೆತರೆ, ಇಂಗಾಲ ನೂರಕ್ಕೆ 8 ಎಂದು ತೋರುತ್ತದೆ. ಪ್ರಮಾಣವು 37ನ್ನು ದಾಟುತ್ತದೆ. ಕಡಲಿನ ಕೆಸರು ಕಾಡಿನದೆನಿಸಿಬಿಡುತ್ತದೆ!

ಆದುದರಿಂದ ಮೊದಲು ಹೈಡ್ರೊಕ್ಲೋರಿಕ್ ಆಮ್ಲದಿಂದ ಕಾರ್ಬೊನೇಟನ್ನು ಕರಗಿಸಬೇಕು. ಬಳಿಕ ಕೆಸರನ್ನು ನೀರಿನಲ್ಲಿ ತೊಳೆದರೆ ಸಾವಯವ ವಸ್ತುವೂ ಸ್ವಲ್ಪ ಕೊಚ್ಚಿಹೋಗುತ್ತದೆ. ಅದಕ್ಕಾಗಿ ಕೆಲವರು ಆಮ್ಲದ ಆವಿಯನ್ನಷ್ಟೇ ಸೋಕಿಸುತ್ತಾರೆ; ಸಾರಜನಕವನ್ನು ಆಮ್ಲ ಸೋಕದ ಇನ್ನೊಂದು ಪಾಲಿನಲ್ಲಿ ಅಳೆಯುತ್ತಾರೆ. ಜೇಡಿಯ ಕಣಗಳಲ್ಲಿ ಸಿಕ್ಕಿಕೊಂಡ ಅಮೋನಿಯಂ ಕೂಡ ಸಾರಜನಕವನ್ನು ಹೆಚ್ಚಾಗಿ ತೋರಿಸಿ ಮೋಸಮಾಡಬಲ್ಲದು.

ಇಷ್ಟು ಎಚ್ಚರಿಕೆ ಏಕೆ? ಕೆಸರಿನಲ್ಲಿ ಹೂತ ಸಾವಯವ ಇಂಗಾಲವು ಒಂದು ಕಾಲಕ್ಕೆ ಗಾಳಿಯಲ್ಲಿದ್ದುದು. ಹೂತಿರುವಷ್ಟು ಕಾಲ ಅದು ಗಾಳಿಗೆ ಮರಳದು. ಭೂಮಿಯ ಬಿಸಿಯೇರುತ್ತಿರುವ ಈ ದಿನಗಳಲ್ಲಿ ಆ ಠೇವಣಿಯ ಲೆಕ್ಕ ತಪ್ಪಬಾರದು.