ದಮ್ಮಿದ್ದವರಿಗೆ ಹಡಗು ದೂರವೇ?

ನಾಲ್ಕು ಹೆಜ್ಜೆಗೊಮ್ಮೆ ಕೂತು ಸುಧಾರಿಸಿಕೊಳ್ಳುವ ದಮ್ಮಿನವರಿಗೆ ಸಮುದ್ರಯಾನ ಯಾಕೆ ಎಂದು ಮನೆಯವರೇ ಬಾಯಿ ಮುಚ್ಚಿಸುತ್ತಾರೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ದೂಳು, ಕಟ್ಟಿಗೆ ಒಲೆಯ ಹೊಗೆ, ಬೀಡಿ: ಸಿಒಪಿಡಿ (ಶ್ವಾಸಮಾರ್ಗ ಕಿರಿದಾಗಿಸುವ ದೀರ್ಘಕಾಲದ ಕಾಯಿಲೆ) ತರುವ ಕಾರಣಗಳಿಗೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಬರವಿಲ್ಲ. ಹಾಗೆಂದು ರೋಗಿಗಳೆಲ್ಲ ಮನೆಕಟ್ಟೆಗೇ ಅಂಟಿಕೊಳ್ಳಬೇಕಿಲ್ಲ. ಉಸಿರಿನ ಲೆಕ್ಕದಲ್ಲಿ ವಿಮಾನಕ್ಕಿಂತ ಹಡಗೇ ಮೇಲು. ಹಾರುವ ವಿಮಾನದೊಳಗಿನ ಗಾಳಿಯೊತ್ತಡ 8,000 ಅಡಿ ಎತ್ತರದ ಬೆಟ್ಟದ ಮಟ್ಟಕ್ಕೆ ಇಳಿಯಬಹುದು. ಬಳ್ಳಾರಿ ಇರುವುದು ಸುಮಾರು 1,600 ಅಡಿಯಲ್ಲಿ. ಕಡಲ ಮೇಲಾದರೋ ಒತ್ತಡ ಊರಿಗಿಂತ ತುಸು ಹೆಚ್ಚೇ. ದೊಡ್ಡ ಹಡಗಿನಲ್ಲಿ ಲಿಫ್ಟ್ ಇರುತ್ತದೆ. ಕುರುಗೋಡಿನ ಬೆಟ್ಟ ಹತ್ತಲಾರದವರೂ ಮೇಲಿನ ಡೆಕ್‌ನಲ್ಲಿ ಕೂತು ಕಡಲು ನೋಡಬಲ್ಲರು.

ನಡುಗಡಲಲ್ಲಿ ಉಸಿರು ಕಟ್ಟಿದರೆ? ಈ ಆಕ್ಷೇಪ ಹಗುರವಲ್ಲ. ಹಡಗಿನಲ್ಲಿ ವೈದ್ಯರಿದ್ದರೂ ಅದು ಆಸ್ಪತ್ರೆಯಲ್ಲ. ಅದಕ್ಕೇ ಮೊದಲ ಸಲ ಮುಂಬೈ–ಗೋವಾದಂಥ ಚಿಕ್ಕ ಪಯಣ ಸಾಕು. ಈಚೆಗೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದವರು ಮುಂದೂಡುವುದೇ ಸರಿ. ನಿಜವಾದ ತೊಡಕು ಕಡಲಲ್ಲ, ದಡ. ಲಕ್ಷದ್ವೀಪದಲ್ಲಿ ಸಾಮಾನ್ಯವಾಗಿ ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಗಾಲಿಕುರ್ಚಿಯವರಿಗೆ ಅದು ಬಹುಮಟ್ಟಿಗೆ ಆಗದ ಮಾತು. ಮುಂಬೈ, ಮುರ್ಮಗೋವಾಗಳಲ್ಲಿ ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ. ಬಳ್ಳಾರಿಯಿಂದ ಮುರ್ಮಗೋವಾ ಬಂದರಿನ ಪಕ್ಕದ ವಾಸ್ಕೋಗೆ ಅಮರಾವತಿ ಎಕ್ಸ್‌ಪ್ರೆಸ್ ಇದೆ; ವೈದ್ಯರ ಪ್ರಮಾಣಪತ್ರವಿದ್ದರೆ ರೋಗಿಯ ಆಮ್ಲಜನಕ ಸಿಲಿಂಡರಿಗೆ ರೈಲಿನಲ್ಲಿ ಅಡ್ಡಿಯಿಲ್ಲ. ಹಡಗಿನ ಟಿಕೆಟ್‌ಗೆ ಹಣ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಆಮ್ಲಜನಕದ ಕಾನ್ಸಂಟ್ರೇಟರ್ ಒಯ್ಯಬಹುದೇ, ಗಾಲಿಕುರ್ಚಿ ನುಗ್ಗುವಷ್ಟು ಅಗಲ ಬಾಗಿಲಿನ ಕೋಣೆ ಸಿಗುತ್ತದೆಯೇ ಎಂದು.