ಕ್ಯಾಮೆರಾ ಊರಲ್ಲೇ ಕೊಳ್ಳೋದಾ, ಕ್ರೂಸ್ ಹತ್ತಿದ ಮೇಲಾ?

'ಡ್ಯೂಟಿ ಫ್ರೀ' ಅನ್ನೋ ಪದ ಕೇಳಿದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ 'ಅರ್ಧ ರೇಟು' ಅಂತ ಕೇಳಿಸುತ್ತೆ. ದುಬೈಯಿಂದ ಯಾರಾದ್ರೂ ಬರ್ತಾರೆ ಅಂದ್ರೆ ಫೋನ್ ತರಿಸೋದು, ಅಮೆರಿಕದಿಂದ ಅಂದ್ರೆ ಲ್ಯಾಪ್‌ಟಾಪ್ ತರಿಸೋದು, ಇದು ಹಳೇ ಅಭ್ಯಾಸ. ಈಗ ಅದಕ್ಕೆ ಕ್ರೂಸ್ ಹಡಗೂ ಸೇರಿದೆ. ಮುಂಬೈ, ಚೆನ್ನೈ, ಸಿಂಗಾಪುರದಿಂದ ಹೊರಡೋ ಹಡಗುಗಳ ಪ್ಯಾಕೇಜ್ ಜಾಹೀರಾತು ದಾವಣಗೆರೆಯವರ ಫೋನ್‌ಗೂ ಬರ್ತಾ ಇದೆ.

ತ್ಯಾವಣಿಗೆಯ ನಮ್ಮ ದೊಡ್ಡಪ್ಪ, ದೊಡ್ಡಮ್ಮ ಅಂಥದ್ದೇ ಒಂದು ಪ್ಯಾಕೇಜ್ ಬುಕ್ ಮಾಡಿದ್ದಾರೆ. ಬೆಂಗಳೂರಿಂದ ಸಿಂಗಾಪುರಕ್ಕೆ ವಿಮಾನ, ಅಲ್ಲಿಂದ ಪೆನಾಂಗ್, ಫುಕೆಟ್ ಸುತ್ತಿ ವಾಪಸ್ ಸಿಂಗಾಪುರ. ಅಡಿಕೆ ಮಾರಿದ ದುಡ್ಡಲ್ಲಿ 80,000 ರೂಪಾಯಿ ಕ್ಯಾಮೆರಾಗೆ ಅಂತ ಎತ್ತಿಟ್ಟಿದ್ದಾರೆ. ಮನೆಯ ವಾಟ್ಸಾಪ್ ಗ್ರೂಪಲ್ಲಿ ಎರಡು ಪಾರ್ಟಿ ಆಗಿದೆ. ಒಬ್ಬರು 'ಹಡಗಲ್ಲೇ ತಗೊಳ್ಳಿ, ಟ್ಯಾಕ್ಸ್ ಇಲ್ಲ' ಅಂತಾರೆ, ಇನ್ನೊಬ್ಬರು 'ದಾವಣಗೆರೇಲೇ ತಗೊಳ್ಳಿ, ಕೆಟ್ರೆ ಕೇಳೋರಿರ್ತಾರೆ' ಅಂತಾರೆ. ಅಷ್ಟು ದುಡ್ಡು ಅವರು ಕ್ಯಾಮೆರಾಗೆ ಇನ್ನೊಂದು ಸಲ ಎತ್ತಿಡೋದು ಡೌಟು. ಹಾಗಾಗಿ ಬಾಯಿಮಾತು ಬಿಟ್ಟು ಲೆಕ್ಕ ಹಾಕೋಣ.

ಮೊದಲು: ಕ್ಯಾಮೆರಾ ಬೇಕಾ?

ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಬರೀ ಆ ಐದು ದಿನಕ್ಕೆ ಆದ್ರೆ ಫೋನ್ ಸಾಕು. ಡೆಕ್ ಮೇಲೆ ಸೆಲ್ಫಿ, ಊಟದ ಫೋಟೋ, ಸೂರ್ಯಾಸ್ತ ಇವೆಲ್ಲ ಇವತ್ತಿನ ಫೋನ್‌ಗಳಲ್ಲಿ ಚೆನ್ನಾಗೇ ಬರುತ್ತೆ.

ಫೋನ್ ಸೋಲೋದು ದೂರದ ವಸ್ತುಗಳಲ್ಲಿ. ಆಪ್ಟಿಕಲ್ ಜೂಮ್ ಇಲ್ಲದೆ 4 ಪಟ್ಟು ಜೂಮ್ ಮಾಡಿದ್ರೆ ಅಗಲದಲ್ಲೂ ಎತ್ತರದಲ್ಲೂ ನಾಲ್ಕನೇ ಒಂದು ಭಾಗ ಮಾತ್ರ ಉಳಿಯುತ್ತೆ, ಅಂದ್ರೆ ಒಟ್ಟು ಪಿಕ್ಸೆಲ್‌ನ 16ನೇ ಒಂದು ಭಾಗ. 48 ಮೆಗಾಪಿಕ್ಸೆಲ್ ಫೋಟೋ 3 ಮೆಗಾಪಿಕ್ಸೆಲ್‌ಗೆ ಇಳಿಯುತ್ತೆ. ಉಳಿದದ್ದನ್ನ ಸಾಫ್ಟ್‌ವೇರ್ ಊಹೆ ಮಾಡಿ ತುಂಬುತ್ತೆ.

ದೊಡ್ಡಪ್ಪನಿಗೆ ಕ್ಯಾಮೆರಾ ಬೇಕಾಗಿರೋದು ಟ್ರಿಪ್ ಆದಮೇಲೆ ಸೂಳೆಕೆರೆಯ ಹಕ್ಕಿಗಳನ್ನ ತೆಗೆಯೋಕೆ. ಹಾಗಾದ್ರೆ ಉದ್ದ ಲೆನ್ಸ್ ಇರೋ ಕ್ಯಾಮೆರಾಗೆ ಅರ್ಥ ಇದೆ. ಆದ್ರೆ ಈ ಕಾರಣ ನೆನಪಿಟ್ಟುಕೊಳ್ಳಿ. ಅದು ಹಡಗಿನ ಐದು ದಿನಕ್ಕಲ್ಲ, ಊರಲ್ಲಿ ಹತ್ತು ವರ್ಷಕ್ಕೆ ಬೇಕಾಗಿರೋ ವಸ್ತು.

ಟ್ಯಾಕ್ಸ್ ಎಲ್ಲಿ ಹೋಯ್ತು?

ಭಾರತದಲ್ಲಿ ಡಿಜಿಟಲ್ ಕ್ಯಾಮೆರಾ ಮೇಲೆ ಜಿಎಸ್‌ಟಿ ಶೇ. 18. ಮೊದಲು ಶೇ. 28 ಇತ್ತು, 2018ರ ಡಿಸೆಂಬರ್‌ನ ಕೌನ್ಸಿಲ್ ಸಭೆಯಲ್ಲಿ ಇಳಿಸಿ 2019ರ ಜನವರಿ 1ರಿಂದ ಜಾರಿ ಮಾಡಿದ್ರು. ಅಂಗಡಿ ಬೆಲೆ 80,000 ಅಂದ್ರೆ ಅದನ್ನ 1.18ರಿಂದ ಭಾಗಿಸಿ. ಮೂಲ ಬೆಲೆ ಸುಮಾರು 67,800, ಜಿಎಸ್‌ಟಿ ಸುಮಾರು 12,200. ಜಿಎಸ್‌ಟಿ ಪೂರ್ತಿ ಬಿಟ್ಟುಕೊಟ್ಟರೂ ಇಳಿಯೋದು ಅಷ್ಟೇ, ಅಂಗಡಿ ಬೆಲೆಯ ಶೇ. 15ರಷ್ಟು. ಅರ್ಧ ರೇಟಿನ ಮಾತು ಇಲ್ಲೇ ಮುಗೀತು.

ಆ 12,200 ನಮಗೆ ಪೂರ್ತಿ ಸಿಗುತ್ತೆ ಅಂತನೂ ಇಲ್ಲ. ಡ್ಯೂಟಿ ಫ್ರೀ ಅಂದ್ರೆ ಅಂಗಡಿಯವನು ಸರ್ಕಾರಕ್ಕೆ ತೆರಿಗೆ ಕಟ್ಟಿಲ್ಲ ಅಂತ ಮಾತ್ರ. ಉಳಿದ ದುಡ್ಡನ್ನ ನಿಮಗೆ ಕೊಡಲೇಬೇಕು ಅಂತ ಯಾವ ನಿಯಮವೂ ಇಲ್ಲ. ಹಡಗಲ್ಲಿ ಪಕ್ಕದ ಬೀದಿ ಅಂಗಡಿ ಅನ್ನೋದೇ ಇರಲ್ಲ, ಚೌಕಾಸಿ ಮಾಡೋಕೆ ಆಗಲ್ಲ. ಸಾಮಾನ್ಯವಾಗಿ ಹಡಗಿನ ಈ ಅಂಗಡಿಗಳು ಬಂದರಲ್ಲಿ ನಿಂತಾಗ ಮುಚ್ಚಿರುತ್ತವೆ, ಅಂತರರಾಷ್ಟ್ರೀಯ ನೀರಿಗೆ ಹೋದ ಮೇಲೆ ತೆರೀತಾರೆ. ಒಳಗೆ ಹೆಚ್ಚಾಗಿ ಇರೋದು ಪರ್‌ಫ್ಯೂಮ್, ವಾಚು, ಮದ್ಯ, ಚಾಕೊಲೇಟ್. ಕ್ಯಾಮೆರಾ ಇದ್ರೂ ಒಂದೆರಡು ಮಾಡೆಲ್, ನಿಮಗೆ ಬೇಕಾದದ್ದೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಇನ್ನೊಂದು ವಿಷಯ. ಮುಂಬೈ–ಗೋವಾ–ಲಕ್ಷದ್ವೀಪ ಥರದ ಟ್ರಿಪ್ ಪೂರ್ತಿ ದೇಶದೊಳಗೇ ಆಗೋದು. ಅಲ್ಲಿಗೆ ಹೋಗೋರು ಈ ಡ್ಯೂಟಿ ಫ್ರೀ ಆಸೆಯನ್ನ ಮನೇಲೇ ಬಿಟ್ಟು ಹೋಗಬಹುದು.

ವಾಪಸ್ ಬಂದಾಗಿನ ಲೆಕ್ಕ

ಹೊರಡುವಾಗ ಯಾರೂ ಯೋಚಿಸದ ಭಾಗ ಇದು. ಹಡಗಿನಲ್ಲಿ ತೆರಿಗೆ ಇಲ್ಲದೆ ಕೊಂಡ ವಸ್ತು ಬೆಂಗಳೂರು ಏರ್‌ಪೋರ್ಟಿಗೆ ಬಂದಾಗ ಆಮದು ವಸ್ತು ಆಗುತ್ತೆ. 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ವಿದೇಶದಿಂದ ಬರೋ ಭಾರತೀಯರು 50,000 ರೂಪಾಯಿವರೆಗಿನ ಸಾಮಾನು ಸುಂಕ ಇಲ್ಲದೆ ತರಬಹುದಿತ್ತು. ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಮೂಲ ಸುಂಕ ಶೇ. 35, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಶೇ. 38.5.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಊರಲ್ಲಿ 80,000 ಇರೋ ಕ್ಯಾಮೆರಾ ಹಡಗಲ್ಲಿ 72,000ಕ್ಕೆ ಸಿಕ್ತು ಅಂದುಕೊಳ್ಳಿ.

ಮಿತಿಗಿಂತ ಹೆಚ್ಚು: 72,000 – 50,000 = 22,000
ಸುಂಕ: 22,000ದ ಶೇ. 38.5 = 8,470
ಕಾರ್ಡ್‌ನ ವಿದೇಶಿ ಕರೆನ್ಸಿ ಚಾರ್ಜ್ (ಶೇ. 3.5 ಅಂತ ಹಿಡಿದರೆ): 2,520
ಒಟ್ಟು: 82,990

8,000 ಉಳಿಸೋಕೆ ಹೋಗಿ 2,990 ಹೆಚ್ಚು ಕೊಟ್ಟ ಹಾಗಾಯ್ತು.

ಈ ಮಿತಿ ಕಲ್ಲಲ್ಲಿ ಕೆತ್ತಿದ್ದಲ್ಲ. 2014ರ ಬಜೆಟ್‌ನಲ್ಲಿ 35,000ದಿಂದ 45,000 ಆಯ್ತು, 2016ರಲ್ಲಿ 50,000 ಆಯ್ತು. ಸರ್ಕಾರ ಇದನ್ನ ಆಗಾಗ ಬದಲಾಯಿಸುತ್ತೆ. ಹಾಗಾಗಿ ನಂಬರ್ ಬಾಯಿಪಾಠ ಮಾಡಬೇಡಿ, ಫಾರ್ಮುಲಾ ಇಟ್ಟುಕೊಳ್ಳಿ: ಒಟ್ಟು ಖರ್ಚು = ಬೆಲೆ + (ಬೆಲೆ – ಮಿತಿ) × ಸುಂಕದ ದರ + ಕಾರ್ಡ್ ಚಾರ್ಜ್. ಮಿತಿ ಮತ್ತು ದರ ಎಷ್ಟಿದೆ ಅಂತ ಟಿಕೆಟ್ ಬುಕ್ ಮಾಡಿದ ಮೇಲೆ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟಲ್ಲಿ ನೋಡಿ ಹಾಕಿ. ಮಿತಿ 72,000ಕ್ಕಿಂತ ಮೇಲಿದ್ರೆ ನಡುವಿನ ಪದ ಸೊನ್ನೆ. ಆಗ ಖರ್ಚು 74,520, ಉಳಿತಾಯ 5,480. ಅಂದ್ರೆ ಬರೀ ದುಡ್ಡಿನ ಲೆಕ್ಕದಲ್ಲಿ ಒಮ್ಮೆ ಮೂರು ಸಾವಿರ ಲಾಸು, ಒಮ್ಮೆ ಐದೂವರೆ ಸಾವಿರ ಲಾಭ.

ಗ್ರೂಪಲ್ಲಿ ಬಂದ ಎರಡು ಐಡಿಯಾಗಳಿಗೂ ಉತ್ತರ ಇಲ್ಲೇ ಹೇಳಿಬಿಡ್ತೀನಿ. 'ಇಬ್ರ ಮಿತಿ ಸೇರಿಸಿದ್ರೆ ಡಬಲ್ ಆಗುತ್ತಲ್ಲ?' ಆಗಲ್ಲ. ಒಬ್ಬರ ಮಿತಿಯನ್ನ ಇನ್ನೊಬ್ಬರದ್ದಕ್ಕೆ ಸೇರಿಸೋ ಹಾಗಿಲ್ಲ ಅಂತ 2016ರ ನಿಯಮದಲ್ಲೇ ಸ್ಪಷ್ಟವಾಗಿ ಬರೆದಿದೆ. 'ಬಾಕ್ಸ್ ಎಸೆದು ಕುತ್ತಿಗೆಗೆ ಹಾಕ್ಕೊಂಡು ಬಂದ್ರೆ?' ಬಳಸಿದ ವೈಯಕ್ತಿಕ ವಸ್ತುಗಳಿಗೆ ವಿನಾಯಿತಿ ಇರೋದು ನಿಜ. ಆದ್ರೆ ಆ ನಿಯಮದಲ್ಲಿ ಅದರ ಅರ್ಥ ದಿನನಿತ್ಯದ ಅಗತ್ಯಕ್ಕೆ ಬೇಕಾದ ವಸ್ತು ಅಂತ. 72,000ದ ಹೊಸ ಕ್ಯಾಮೆರಾ ಟೂತ್‌ಬ್ರಷ್ ಅಲ್ಲ. 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಡಿಕ್ಲೇರ್ ಮಾಡೋದು ಪ್ರಯಾಣಿಕರ ಜವಾಬ್ದಾರಿ. ಮಾಡದೆ ಸಿಕ್ಕಿಬಿದ್ರೆ ವಸ್ತು ಮುಟ್ಟುಗೋಲು, ಜೊತೆಗೆ ದಂಡ. ಅರವತ್ತು ದಾಟಿದವರನ್ನ ರಾತ್ರಿ ಎರಡು ಗಂಟೆಗೆ ಆ ಕೌಂಟರ್ ಮುಂದೆ ನಿಲ್ಲಿಸೋ ಐಡಿಯಾ ಕೊಡಬೇಡಿ.

ಹಡಗಿನ ಬದಲು ಸಿಂಗಾಪುರದ ಅಂಗಡಿಯಲ್ಲಿ ಕೊಂಡ್ರೆ? ಅಲ್ಲಿ 2024ರಿಂದ ಜಿಎಸ್‌ಟಿ ಶೇ. 9. ಪ್ರವಾಸಿಗಳು 100 ಸಿಂಗಾಪುರ್ ಡಾಲರ್‌ಗಿಂತ ಹೆಚ್ಚಿನ ಖರೀದಿಗೆ ರೀಫಂಡ್ ಕೇಳಬಹುದು. ಆದ್ರೆ ಹೊರಟಲ್ಲಿಗೇ ವಾಪಸ್ ಬರೋ ರೌಂಡ್ ಟ್ರಿಪ್ ಕ್ರೂಸ್ ಹತ್ತುವಾಗ ಅದು ಸಿಗಲ್ಲ, ಚಾಂಗಿ ಏರ್‌ಪೋರ್ಟಲ್ಲಿ ವಿಮಾನ ಹತ್ತೋ ಮುಂಚೆ ಕೇಳಬೇಕು. ಅದು ಸಿಕ್ಕರೂ ಬೆಂಗಳೂರಿನ ಸುಂಕದ ಲೆಕ್ಕ ಹಾಗೇ ಇರುತ್ತೆ.

ಐದೂವರೆ ಸಾವಿರಕ್ಕೆ ಏನು ಮಾರ್ತಾ ಇದೀರ?

ಲಾಭ ಆಗೋ ಕೇಸನ್ನೇ ತಗೊಳ್ಳೋಣ. 5,480 ರೂಪಾಯಿ ಉಳೀತು. ಅದಕ್ಕೆ ಬದಲಾಗಿ ಏನು ಬಿಟ್ಟುಕೊಟ್ವಿ?

ಒಂದು, ವಾರಂಟಿ. ಬಹಳಷ್ಟು ಕ್ಯಾಮೆರಾ ಬಾಡಿಗಳಿಗೆ ವಾರಂಟಿ ಕೊಂಡ ದೇಶಕ್ಕೆ ಅಥವಾ ಪ್ರದೇಶಕ್ಕೆ ಸೀಮಿತ. ಇಲ್ಲಿ ಸರ್ವಿಸ್ ಸೆಂಟರ್ ರಿಪೇರಿ ಮಾಡಿಕೊಟ್ಟರೂ ದುಡ್ಡು ನಿಮ್ಮದು. ಕೊಳ್ಳೋ ಮುಂಚೆ ವಾರಂಟಿ ಕಾರ್ಡಲ್ಲಿ 'ಭಾರತ' ಅಥವಾ 'ಅಂತರರಾಷ್ಟ್ರೀಯ' ಅಂತ ಇದೆಯಾ ನೋಡಬೇಕು.

ಎರಡು, ವಾಪಸ್ ಕೊಡೋ ಅವಕಾಶ. ದಾವಣಗೆರೆ ಅಂಗಡಿಗೆ ಬಸ್ ಹತ್ತಿ ಹೋಗಿ 'ಈ ಬಟನ್ ಕೆಲಸ ಮಾಡ್ತಿಲ್ಲ' ಅನ್ನಬಹುದು. ಇಳಿದುಹೋದ ಹಡಗಿನ ಹಿಂದೆ ಹೋಗೋಕಾಗಲ್ಲ.

ಮೂರು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು, ಕಲಿಯೋ ಟೈಮು. ಹಡಗಲ್ಲಿ ಎರಡನೇ ದಿನ ಕ್ಯಾಮೆರಾ ಕೊಂಡ್ರೆ ಚಾರ್ಜ್ ಮಾಡಿ, ಮೆನು ಅರ್ಥ ಆಗೋಷ್ಟರಲ್ಲಿ ಟ್ರಿಪ್ ಮುಗಿದಿರುತ್ತೆ. ಕಷ್ಟ ಏನಂದ್ರೆ, ಹೊಸಬರಿಗೆ ಸಮುದ್ರ ತುಂಬಾ ಕಷ್ಟದ ಸಬ್ಜೆಕ್ಟ್.

ಕ್ಯಾಮೆರಾದ ಲೈಟ್ ಮೀಟರ್ ಎದುರಿಗಿರೋ ದೃಶ್ಯ ಸರಾಸರಿ ಮಧ್ಯಮ ಬೂದು ಬಣ್ಣ ಅಂತ ನಂಬಿಕೊಂಡು ಕೆಲಸ ಮಾಡುತ್ತೆ. ಹೊಳೆಯೋ ನೀರು, ಬಿಳಿ ಡೆಕ್ ಕಂಡ್ರೆ 'ಬೆಳಕು ಜಾಸ್ತಿ' ಅಂದುಕೊಂಡು ಎಲ್ಲವನ್ನೂ ಕತ್ತಲು ಮಾಡುತ್ತೆ. ನೀರು ಚೆನ್ನಾಗಿ ಬರುತ್ತೆ, ದೊಡ್ಡಮ್ಮನ ಮುಖ ಕಪ್ಪಾಗುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಬಟನ್ ಒತ್ತಿ +1ರ ಹತ್ತಿರ ಇಡಬೇಕು ಅಂತ ಕೈಗೆ ಅಭ್ಯಾಸ ಆಗಿರಬೇಕು.

ಎಸಿ ಕ್ಯಾಬಿನ್ನಿಂದ ಸೆಖೆಯ ಡೆಕ್‌ಗೆ ಬಂದ ತಕ್ಷಣ ಲೆನ್ಸ್ ಮೇಲೆ ಮಂಜು ಕೂರುತ್ತೆ, ಫ್ರಿಜ್ಜಿಂದ ತೆಗೆದ ಬಾಟಲಿ ಬೆವರೋ ಹಾಗೆ. ಬ್ಯಾಗ್ ಮುಚ್ಚಿಟ್ಟೇ ಅರ್ಧ ಗಂಟೆ ಹೊರಗೆ ಬಿಡಬೇಕು. ರಾತ್ರಿ ಟ್ರೈಪಾಡ್ ಇಟ್ಟರೂ ದಡದ ದೀಪಗಳು ಗೆರೆ ಆಗಿ ಬರುತ್ತವೆ. ಟ್ರೈಪಾಡ್ ನಿಂತಿರೋ ನೆಲವೇ ಅಲುಗಾಡ್ತಾ ಇರುತ್ತಲ್ಲ!

ಇಇಇ ಬ್ರಾಂಚಿನವರಿಗೆ ಇಷ್ಟ ಆಗೋ ಒಂದು ವಿಷಯ: ನಮ್ಮ ಮನೆ ಕರೆಂಟ್ 50 ಹರ್ಟ್ಜ್, ಬಹಳಷ್ಟು ಹಡಗುಗಳಲ್ಲಿ 60 ಹರ್ಟ್ಜ್. ಲೈಟ್ ಮಿನುಗೋದು ಅದರ ಎರಡು ಪಟ್ಟು, ಇಲ್ಲಿ 100 ಸಲ, ಅಲ್ಲಿ 120 ಸಲ. ಊರಲ್ಲಿ 1/50 ಶಟರ್‌ನಲ್ಲಿ ಚೆನ್ನಾಗಿ ಬರೋ ವಿಡಿಯೋದಲ್ಲಿ ಹಡಗಿನ ಡೈನಿಂಗ್ ಹಾಲ್‌ನ ಲೈಟಿಗೆ ಪಟ್ಟಿ ಪಟ್ಟಿ ಕಂಡ್ರೆ 1/60ಕ್ಕೆ ಬದಲಾಯಿಸಿ.

ಸಮುದ್ರ ಇಲ್ಲದ ಊರಲ್ಲಿ ಸಮುದ್ರದ ಪ್ರಾಕ್ಟೀಸ್

ಇಷ್ಟನ್ನೂ ತ್ಯಾವಣಿಗೆಯಲ್ಲೇ ಕಲಿಯಬಹುದು. ನಾಟಿ ಟೈಮಲ್ಲಿ ನೀರು ನಿಲ್ಲಿಸಿದ ಭತ್ತದ ಗದ್ದೆ ಮಧ್ಯಾಹ್ನ ಹೇಗೆ ಹೊಳೆಯುತ್ತೆ ಗೊತ್ತಲ್ಲ? ಮೀಟರ್ ಮೋಸಹೋಗೋದಕ್ಕೆ ಅದೇ ಸಾಕು. ಬದು ಮೇಲೆ ಯಾರನ್ನಾದ್ರೂ ನಿಲ್ಲಿಸಿ ಫೋಟೋ ತೆಗೀರಿ, ಡೆಕ್ ಮೇಲಿನ ಸಮಸ್ಯೆಯೇ ಅಲ್ಲೂ ಬರುತ್ತೆ. ಅಡಿಕೆ ತೋಟದ ಒಳಗೆ ಉಲ್ಟಾ ಸಮಸ್ಯೆ, ನೆರಳಿನ ನಡುವೆ ಚುಕ್ಕಿ ಚುಕ್ಕಿ ಬಿಸಿಲು. ಸಂತೆಬೆನ್ನೂರು ಪುಷ್ಕರಣಿಯಲ್ಲಿ ನೀರಿನ ನಡುವಿನ ಮಂಟಪ, ಅದರ ಪ್ರತಿಬಿಂಬ. ಸೂಳೆಕೆರೆ ಏರಿ ಮೇಲೆ ನಿಂತರೆ ದಿಗಂತ ನೇರವಾಗಿ ಹಿಡಿಯೋ ಪ್ರಾಕ್ಟೀಸ್, ಹಾರೋ ಹಕ್ಕಿಗೆ ಫೋಕಸ್ ಮಾಡೋ ಪ್ರಾಕ್ಟೀಸ್.

ಇನ್ನೊಂದಿದೆ. ನಮ್ಮ ಅಜ್ಜಿದು ಮನೇಲಿ ಒಂದೂ ಸರಿಯಾದ ಫೋಟೋ ಇಲ್ಲ. ಇರೋದು ಆಧಾರ್ ಕಾರ್ಡಿನದ್ದು, ಮತ್ತೆ ಮದುವೆ ಗ್ರೂಪ್ ಫೋಟೋಗಳಲ್ಲಿ ಮೂರನೇ ಸಾಲಲ್ಲಿ ಅರ್ಧ ಮುಖ. ಅಜ್ಜಿ ಕ್ರೂಸ್‌ಗೆ ಹೋಗ್ತಿಲ್ಲ. ಕ್ಯಾಮೆರಾ ಎರಡು ತಿಂಗಳು ಮೊದಲೇ ಮನೆಗೆ ಬಂದ್ರೆ ದೊಡ್ಡಪ್ಪ ಕಲಿಯೋದು ಅಜ್ಜಿ ಮೇಲೇ. ಪಡಸಾಲೆ ಬಾಗಿಲ ಹತ್ತಿರದ ಬೆಳಕಲ್ಲಿ ಕೂತ ಅಜ್ಜಿಯನ್ನ ನೂರು ಸಲ ತೆಗೆದ್ರೆ ಒಂದಾದ್ರೂ ಚೆನ್ನಾಗಿ ಬರುತ್ತೆ. ಗ್ರೂಪಲ್ಲಿ ಎಲ್ಲರೂ ಪೆನಾಂಗ್, ಫುಕೆಟ್ ಫೋಟೋ ಬಗ್ಗೆನೇ ಮಾತಾಡ್ತಿದ್ದಾರೆ. ಆ ಊರುಗಳ ಫೋಟೋ ಇಂಟರ್ನೆಟ್ಟಲ್ಲಿ ಲಕ್ಷಗಟ್ಟಲೆ ಇವೆ. ಅಜ್ಜಿದು ಎಲ್ಲೂ ಇಲ್ಲ. ಆ ಎರಡು ತಿಂಗಳ ಬೆಲೆ 5,480ಕ್ಕಿಂತ ಜಾಸ್ತಿ ಅಂತ ನನಗನ್ನಿಸುತ್ತೆ.

ಹಾಗಾದ್ರೆ ಹೊರಗೆ ಏನೂ ಕೊಳ್ಳಬಾರದಾ?

ಹಾಗೇನಿಲ್ಲ. ನಿಮ್ಮ ಹತ್ತಿರ ಆಗಲೇ ಕ್ಯಾಮೆರಾ ಇದ್ದು, ಯಾವ ಲೆನ್ಸ್ ಬೇಕು ಅಂತ ಖಚಿತವಾಗಿ ಗೊತ್ತಿದ್ದು, ಬೆಲೆ ಸುಂಕದ ಮಿತಿಯೊಳಗಿದ್ದು, ವಾರಂಟಿ ಇಲ್ಲೂ ನಡೆಯುತ್ತೆ ಅಂದ್ರೆ ಧಾರಾಳವಾಗಿ ತಗೊಳ್ಳಿ. ಲ್ಯಾಪ್‌ಟಾಪ್ ಕಥೆ ಬೇರೆ. 18 ತುಂಬಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಆ ಮಿತಿಯ ಲೆಕ್ಕಕ್ಕೆ ಬರದೆ ಸುಂಕ ಇಲ್ಲದೆ ತರೋ ಅವಕಾಶ ಪ್ರತ್ಯೇಕವಾಗಿ ಇದೆ. ದುಬೈ ಅಣ್ಣನ ಹತ್ತಿರ ಕೇಳೋದಿದ್ರೆ ಅದನ್ನ ಕೇಳಿ.

ಮೊದಲ ಕ್ಯಾಮೆರಾ ಆದ್ರೆ ಊರಲ್ಲೇ, ಕೈಯಲ್ಲಿ ಹಿಡಿದು ನೋಡಿ, ಹೊರಡೋಕೆ ಕನಿಷ್ಠ ಎರಡು ತಿಂಗಳು ಮುಂಚೆ ಕೊಳ್ಳಿ. ಆಮೇಲೆ ಈ ನಾಲ್ಕು ಕೆಲಸ ಮರೀಬೇಡಿ:

1. ಜಿಎಸ್‌ಟಿ ಬಿಲ್ ಜೋಪಾನ. ಅದರ ಫೋಟೋ ಫೋನಲ್ಲೂ ಇರಲಿ. ವಾಪಸ್ ಬರುವಾಗ 'ಇದು ಇಲ್ಲೇ ಕೊಂಡಿದ್ದು' ಅನ್ನೋಕೆ ಅದೇ ಆಧಾರ.
2. ಸೆಟ್ ತುಂಬಾ ದುಬಾರಿ ಆದ್ರೆ ಹೊರಡೋ ದಿನ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಸೀರಿಯಲ್ ನಂಬರ್ ಬರೆದುಕೊಡ್ತಾರೆ, ವಾಪಸ್ ಬಂದಾಗ ಪ್ರಶ್ನೆ ಬರಲ್ಲ.
3. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಲ್ಲಿ ಹಾಕೋ ಹಾಗಿಲ್ಲ.
4. ಚಾರ್ಜರ್ ಮೇಲೆ 100–240 ವೋಲ್ಟ್ ಅಂತ ಬರೆದಿದ್ರೆ ಹಡಗಿನ ಯಾವ ಸಾಕೆಟ್ಟಲ್ಲೂ ನಡೆಯುತ್ತೆ, ಪಿನ್ ಅಡಾಪ್ಟರ್ ಒಂದು ಸಾಕು.

ಹಡಗಿನ ಅಂಗಡಿಗೂ ಹೋಗಿಬನ್ನಿ. ಮೆಮೊರಿ ಕಾರ್ಡ್ ಮರೆತಿದ್ರೆ ಅಲ್ಲೇ ತಗೊಳ್ಳಿ, ಚಾಕೊಲೇಟ್ ತಗೊಳ್ಳಿ. ಕ್ಯಾಮೆರಾ ಮಾತ್ರ ಅಷ್ಟರಲ್ಲಿ ಎರಡು ತಿಂಗಳು ಹಳೇದಾಗಿ ನಿಮ್ಮ ಕುತ್ತಿಗೆಯಲ್ಲಿರಲಿ.