ಎಳ್ಳಮಾವಾಸ್ಯೆಯ ರಾತ್ರಿ ರೋಹಿಣಿಯನ್ನು ಕಾಣೋಣ

ಕಳೆದ ಚಳಿಗಾಲದಲ್ಲಿ ನಮ್ಮ ಪುಟ್ಟ ತಾರಾವೀಕ್ಷಣ ಸಂಘದ ಸಭೆಯಲ್ಲಿ ರೋಹಿಣಿಯ ಪ್ರಸ್ತಾಪ ಬಂದಾಗ ಯಲಬುರ್ಗಾ ಕಡೆಯ ವಿದ್ಯಾರ್ಥಿಯೊಬ್ಬನು, “ರೋಹಿಣಿಯೆಂದರೆ ಮಳೆಯಲ್ಲವೇ, ಸರ್?” ಎಂದು ಕೇಳಿದನು. ಉಳಿದವರು ನಕ್ಕರು. ಅದು ನಗತಕ್ಕ ಪ್ರಶ್ನೆಯಲ್ಲ. ಒಕ್ಕಲುತನದ ಮನೆಯಲ್ಲಿ ಬೆಳೆದ ಅವನಿಗೆ ರೋಹಿಣಿ, ಮೃಗಶಿರ, ಆರಿದ್ರೆಗಳು ಬಿತ್ತನೆಯ ಕಾಲದ ಮಳೆಗಳು. ಆ ಹೆಸರಿನ ತಾರೆಗಳನ್ನು ಅವನು ಕಂಡಿರಲಿಲ್ಲ. ಮಳೆಗಾಲದಲ್ಲಿ ಕಾಣುವಂತೆಯೂ ಇಲ್ಲ.

ಇದಕ್ಕೆ ಕಾರಣವೇನು? ಸೂರ್ಯನು ಯಾವ ನಕ್ಷತ್ರದ ನೇರದಲ್ಲಿರುವನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆದುದರಿಂದ ರೋಹಿಣಿ ಮಳೆ ಬರುವಾಗ ರೋಹಿಣಿ ತಾರೆಯು ಸೂರ್ಯನೊಡನೆ ಹುಟ್ಟಿ, ಸೂರ್ಯನೊಡನೆ ಮುಳುಗಿ, ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಆರು ತಿಂಗಳು ಕಳೆಯುವಷ್ಟರಲ್ಲಿ ಭೂಮಿಯು ಸೂರ್ಯನ ಇನ್ನೊಂದು ಬದಿಗೆ ಬಂದಿರುತ್ತದೆ. ಆಗ ಅದೇ ತಾರೆಯು ರಾತ್ರಿಯ ಆಕಾಶದ ಒಡೆಯನಾಗುತ್ತದೆ. ಮಳೆಯ ಹೆಸರುಗಳನ್ನು ಬಲ್ಲವರು ಅವುಗಳ ತಾರೆಗಳನ್ನು ನೋಡಬೇಕಾದರೆ ಚಳಿಯಲ್ಲೇ ಎದ್ದು ಕೂರಬೇಕು.

ಈ ಸಲ ನಾವು ಎಳ್ಳಮಾವಾಸ್ಯೆಯ ರಾತ್ರಿಯನ್ನು ಆರಿಸಿಕೊಂಡಿದ್ದೇವೆ. ಚಂದ್ರನ ಕಾಟವಿಲ್ಲ. ಚರಗ ಚೆಲ್ಲಲು ಹೊಲಕ್ಕೆ ಬಂದವರ ಸಜ್ಜೆರೊಟ್ಟಿ, ಪುಂಡಿಪಲ್ಯಗಳಲ್ಲಿ ಪಾಲು ದೊರೆಯಬಹುದೆಂಬ ಆಸೆಯೂ ಉಂಟು, ಮರೆಮಾಚುವುದೇಕೆ!

ಸ್ಥಳದ ವಿಚಾರದಲ್ಲಿ ಮಾತ್ರ ಚರ್ಚೆ ಬಹಳ ನಡೆಯಿತು. ಹೋದ ವರ್ಷ ಗಂಗಾವತಿಯ ಹತ್ತಿರ ಕಲ್ಲುಗುಡ್ಡವೊಂದರ ಬುಡದಲ್ಲಿ ಕುಳಿತು ಪೆಟ್ಟು ತಿಂದೆವು. ತಪ್ಪು ನಮ್ಮದೇ. ಸುತ್ತಲೂ ತುಂಗಭದ್ರೆಯ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಗಾಳಿಯಲ್ಲಿ ತೇವ ತುಂಬಿತ್ತು. ನಿರ್ಮಲವಾದ ಆಕಾಶಕ್ಕೆ ಮುಖಮಾಡಿದ ಗಾಜು ತನ್ನ ಉಷ್ಣವನ್ನು ಬೇಗ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ಆವಿಯು ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಹನ್ನೊಂದು ಗಂಟೆಗೆ ದುರ್ಬೀನಿನ ಮಸೂರವು ಒರೆಸಿದಷ್ಟೂ ಮಂಜಾಗುತ್ತಿತ್ತು. ದಕ್ಷಿಣದ ದಿಗಂತವನ್ನು ಬಂಡೆಗಳು ನುಂಗಿದ್ದರಿಂದ ಅಗಸ್ತ್ಯನ ದರ್ಶನವೂ ತಪ್ಪಿತು.

ಆದ್ದರಿಂದ ಈಗ ಯಲಬುರ್ಗಾ, ಕುಷ್ಟಗಿಗಳ ನಡುವಣ ಒಣಬೇಸಾಯದ ಬಯಲು. ಕೊಪ್ಪಳದ ದೀಪಗಳು ಸುಮಾರು 30 ಕಿಲೋಮೀಟರು ದಕ್ಷಿಣಕ್ಕಿವೆ. ಅವುಗಳ ಮಬ್ಬು ದಿಗಂತದ ಅಂಚಿನಲ್ಲಷ್ಟೇ ತೋರುತ್ತದೆ. ಅಗಸ್ತ್ಯನು ನಮ್ಮ ಅಕ್ಷಾಂಶದಲ್ಲಿ ಸುಮಾರು 22 ಅಂಶ ಮೇಲೇರುವುದರಿಂದ ಅದರ ಗೊಡವೆ ಅವನಿಗಿಲ್ಲ. ಗಾಳಿಯಂತ್ರಗಳ ನೆತ್ತಿಯ ಕೆಂಪು ದೀಪಗಳಿಗೆ ಬೆನ್ನು ಮಾಡಿ ಕೂರಬೇಕು. ಇಬ್ಬನಿ ಇಲ್ಲಿಯೂ ಉಂಟು. ಕಡಲೆಗಿಡದ ಮೇಲೆ ರಾತ್ರಿ ಬಟ್ಟೆ ಹಾಸಿ ಬೆಳಿಗ್ಗೆ ಹುಳಿ ಹಿಂಡಿಕೊಳ್ಳುವವರನ್ನು ಕೇಳಿದರೆ ತಿಳಿಯುತ್ತದೆ. ಅದಕ್ಕಾಗಿ ಕರಿಯ ರಟ್ಟನ್ನು ಕೊಳವೆಯಂತೆ ಸುತ್ತಿ, ಮಸೂರದ ಅಗಲದ ಒಂದೂವರೆಯಷ್ಟು ಮುಂಚಾಚುವಂತೆ ದುರ್ಬೀನಿಗೆ ತೊಡಿಸುತ್ತೇವೆ. ಹಬ್ಬವು ಜನವರಿಯ ಮೊದಲ ವಾರದಲ್ಲಿ ಬಂದರೆ ಏಳೂವರೆಯ ಹೊತ್ತಿಗೆ ಸಂಜೆಗೆಂಪು ಪೂರ್ತಿ ಅಳಿದಿರುತ್ತದೆ. ಹತ್ತರ ಸುಮಾರಿಗೆ ರೋಹಿಣಿಯು ನೆತ್ತಿಗೆ ಬರುತ್ತದೆ. ಯಲಬುರ್ಗೆಯಲ್ಲಿ ಅದಕ್ಕೂ ನಡುನೆತ್ತಿಗೂ ಅಂತರವು ಒಂದು ಅಂಶದಷ್ಟೇ. ಕಂಬಳಿ ಹಾಸಿ ಅಂಗಾತ ಮಲಗಿದರೆ ಕೊರಳು ನೋಯದೆ ಕಾಣಬಹುದು. ಅಗಸ್ತ್ಯನು ಶಿಖರಕ್ಕೇರುವುದು ನಡುರಾತ್ರಿಗೆ ಸ್ವಲ್ಪ ಮುಂಚೆ. ಹಬ್ಬ ಎಷ್ಟು ದಿನ ಮೊದಲು ಬಂದರೆ ದಿನವೊಂದಕ್ಕೆ 4 ನಿಮಿಷದಂತೆ ಇವೆಲ್ಲವೂ ಅಷ್ಟು ತಡವಾಗುತ್ತವೆ.

ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೊಬೈಲಿನ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಪುನಃ ಮೊದಲಿನಿಂದ ಕಾಯಬೇಕು. ಅದಕ್ಕೇ ಎಲ್ಲರ ಮೊಬೈಲುಗಳೂ ಒಂದು ಚೀಲಕ್ಕೆ. ಬ್ಯಾಟರಿಗೆ ಕೆಂಪು ಕಾಗದ ಕಟ್ಟಬೇಕು. ಹೊಲದ ಒಡೆಯರ ಕರಾರು ಒಂದೇ: ಕಡಲೆಯನ್ನು ತುಳಿಯಕೂಡದು.

ಮೊದಲ ಕೆಲಸವು ಕೃತ್ತಿಕೆಯ ಎಣಿಕೆ. ಬರಿಗಣ್ಣಿಗೆ ಎಷ್ಟು ತಾರೆಗಳು ಕಂಡವೆಂಬುದನ್ನು ಪ್ರತಿಯೊಬ್ಬರೂ ಪಕ್ಕದವರೊಡನೆ ಮಾತಾಡದೆ ಬರೆದುಕೊಡಬೇಕು. ಗಂಗಾವತಿಯಲ್ಲಿ ನಮಗೆ ಐದು ಸಿಕ್ಕಿದ್ದವು.